ಆಸ್ಪತ್ರೆಯಲ್ಲಿ ಹಿರಿಯರಿಗೆ ಬರುವ ‘ಸನ್ನಿ’: ಡಿಸ್ಚಾರ್ಜ್ ಆದ ಮೇಲೂ ಉಳಿಯುವ ಪೆಟ್ಟು

“ಉಮ್ಮ ಆಸ್ಪತ್ರೆಗೆ ಹೋಗುವಾಗ ಸರಿ ಇದ್ದರು. ಅಲ್ಲಿಂದ ಬಂದ ಮೇಲೆ ಮೊದಲಿನ ಹಾಗೆ ಇಲ್ಲ.”

ಈ ಮಾತು ಈಗೀಗ ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿ ಬರ್ತಾ ಉಂಟು. ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯ್ತು. ಡಾಕ್ಟರ್ ಎಕ್ಸ್‌ರೇ ತೋರಿಸಿ ‘ಮೂಳೆ ಸರಿಯಾಗಿ ಕೂತಿದೆ’ ಅಂದರು. ಬಿಲ್ ಕಟ್ಟಿ ಮನೆಗೆ ಕರ್ಕೊಂಡು ಬಂದದ್ದೂ ಆಯ್ತು. ಆದರೆ ಮೊಮ್ಮಕ್ಕಳ ಹೆಸರು ತಪ್ಪುತ್ತದೆ. ಅಡುಗೆ ಕೋಣೆಗೆ ಹೋದವರು ಎಂತಕ್ಕೆ ಬಂದದ್ದು ಎಂದು ನಿಂತು ಯೋಚಿಸ್ತಾರೆ. ಮಗ್‌ರಿಬ್ ಆದ ಮೇಲೆ ಒಂದು ಬಗೆಯ ಭಯ. ಕೇಳಿದರೆ ಮನೆಯವರು ಹೇಳುವುದು ಒಂದೇ, “ವಯಸ್ಸಾಯ್ತಲ್ಲ.”

ಸ್ವಲ್ಪ ಹಿಂದಕ್ಕೆ ಹೋಗಿ ಕೇಳಿದರೆ ಇನ್ನೊಂದು ಸಂಗತಿ ಹೊರಗೆ ಬರ್ತದೆ. ಆಪರೇಷನ್ ಆದ ಎರಡನೇ ರಾತ್ರಿ ಉಮ್ಮ ಕೈಯ ಡ್ರಿಪ್ ಕಿತ್ತು ಹಾಕಿದ್ದರು. ಗೋಡೆಯಲ್ಲಿ ಇರುವೆ ಹರಿಯುತ್ತಿದೆ ಅಂದಿದ್ದರು. ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ತಮ್ಮನನ್ನು ಕರೆದಿದ್ದರು. ಸ್ವಂತ ಮಗಳನ್ನು ನೋಡಿ “ನೀನು ಯಾರು, ನನ್ನನ್ನು ಯಾಕೆ ಇಲ್ಲಿ ಕಟ್ಟಿ ಹಾಕಿದ್ದು?” ಎಂದು ಕೇಳಿದ್ದರು. ಸಿಸ್ಟರ್ ಬಂದು ಎರಡೂ ಕೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಒಂದು ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ “ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ” ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ರಾತ್ರಿಯ ಬಗ್ಗೆ ಒಂದು ಸಾಲೂ ಇಲ್ಲ.

ಇದು ಒಂದು ಮನೆಯ ಕಥೆ ಅಲ್ಲ, ಒಂದು ಆಸ್ಪತ್ರೆಯ ದೂರೂ ಅಲ್ಲ. ಓದುಗರಲ್ಲಿ ಹೆಚ್ಚಿನವರಿಗೆ ಇಂಥದ್ದೊಂದು ರಾತ್ರಿ ನೆನಪಿಗೆ ಬರಬಹುದು. ಆ ರಾತ್ರಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರು ಉಂಟು, ಡೆಲಿರಿಯಂ. ನಮ್ಮ ಹಿರಿಯರು ಇದನ್ನು ‘ಸನ್ನಿ’ ಎನ್ನುತ್ತಿದ್ದರು. ಹೆಸರು ಹಳೆಯದು. ಆದರೆ ಅದರ ಪೆಟ್ಟು ಎಷ್ಟು ದೂರ ಹೋಗ್ತದೆ ಎಂಬುದು ಕಳೆದ ಕೆಲವು ವರ್ಷಗಳಲ್ಲಿ ಸ್ಪಷ್ಟವಾಗಿದೆ. ನಾವು ಇಂದು ಆ ಬಗ್ಗೆ ಬರೆಯಲು ಕಾರಣ ಅದೇ.

ಸನ್ನಿ ಬೇರೆ, ಮರೆವಿನ ಕಾಯಿಲೆ ಬೇರೆ

ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ತಿಂಗಳು ವರ್ಷಗಳಲ್ಲಿ ನಿಧಾನಕ್ಕೆ ಬರ್ತದೆ. ಸನ್ನಿ ಹಾಗಲ್ಲ. ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬರ್ತದೆ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯೇ ಮನುಷ್ಯರಾಗ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಸ್ವಲ್ಪ ಸರಿಯಾದ ಹಾಗೆ ಕಾಣ್ತದೆ. ಈ ಏರುಪೇರೇ ಅದರ ಗುರುತು. ಇನ್ನೊಂದು ಗುರುತು ಗಮನ ನಿಲ್ಲದಿರುವುದು. ಮಾತು ಶುರು ಮಾಡಿ ಅರ್ಧದಲ್ಲಿ ಬಿಡ್ತಾರೆ, ಕೇಳಿದ ಪ್ರಶ್ನೆಯ ಎಳೆ ಹಿಡಿಯಲು ಆಗುವುದಿಲ್ಲ.

ಇದರಲ್ಲಿ ಎರಡು ಬಗೆ. ಒಂದು ಗಲಾಟೆಯ ಸನ್ನಿ: ಟ್ಯೂಬ್ ಕೀಳುವುದು, ಬೊಬ್ಬೆ ಹಾಕುವುದು, ಮಂಚದಿಂದ ಇಳಿದು ಓಡಲು ನೋಡುವುದು. ಇದು ಎಲ್ಲರ ಕಣ್ಣಿಗೆ ಬೀಳ್ತದೆ. ಇನ್ನೊಂದು ಸುಮ್ಮನಿರುವ ಸನ್ನಿ: ಮಾತು ಕಡಿಮೆ, ಕಣ್ಣು ಅರೆ ಮುಚ್ಚಿ, ಊಟ ಬೇಡ, ಕರೆದರೆ ‘ಹೂಂ’ ಅಷ್ಟೇ. ಹಿರಿಯರಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ಅಪಾಯ ಜಾಸ್ತಿ ಇರುವುದೂ ಇದರಲ್ಲೇ. ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. “ಪಾಪ, ಸುಸ್ತಾಗಿದೆ, ಮಲಗಲಿ” ಎಂದು ನಾವೇ ಬಿಟ್ಟುಬಿಡ್ತೇವೆ. ಕೆಲವರಲ್ಲಿ ಎರಡೂ ಬೆರೆತಿರುತ್ತದೆ, ರಾತ್ರಿ ಗಲಾಟೆ, ಹಗಲು ಮಂಪರು.

ಇದು ಅಪರೂಪದ ಸಂಗತಿಯೂ ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಮೆಡಿಕಲ್ ವಾರ್ಡಿನಲ್ಲಿ ಮಲಗಿರುವ ಹಿರಿಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು ಇರುತ್ತದೆ. ಸೊಂಟದ ಮೂಳೆಯ ಆಪರೇಷನ್ ಆದವರಲ್ಲಿ, ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇರುವವರಲ್ಲಿ ಇನ್ನೂ ಹೆಚ್ಚು.

ನಮಗೆ ಯಾಕೆ ಗೊತ್ತಾಗುವುದಿಲ್ಲ?

ಮೊದಲ ಕಾರಣ ನಾವು ಈಗಾಗಲೇ ಹೇಳಿದ ‘ವಯಸ್ಸಾಯ್ತಲ್ಲ’ ಎಂಬ ಮಾತು. ವಯಸ್ಸಾದ ಮಾತ್ರಕ್ಕೆ ಯಾರಿಗೂ ಒಂದು ರಾತ್ರಿಯಲ್ಲಿ ಬುದ್ಧಿ ತಪ್ಪುವುದಿಲ್ಲ. ತಪ್ಪಿದೆ ಎಂದರೆ ದೇಹದಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಎರಡನೆಯದು ಹೇಳಲು ಸ್ವಲ್ಪ ಸಂಕೋಚದ ವಿಷಯ. ತೀರಿಕೊಂಡವರ ಹೆಸರು ಹಿಡಿದು ಕರೆದರೆ, ಇಲ್ಲದ್ದು ಕಂಡರೆ, ನಮ್ಮಲ್ಲಿ ಕೆಲವರಿಗೆ ಮೊದಲು ನೆನಪಾಗುವುದು ಜಿನ್ನ್, ಇಲ್ಲವೇ ಯಾರದ್ದೋ ದೃಷ್ಟಿ. ಆಸ್ಪತ್ರೆಯಿಂದ ಬಿಡಿಸಿಕೊಂಡು ಬೇರೆ ಕಡೆ ಕರ್ಕೊಂಡು ಹೋದವರೂ ಇದ್ದಾರೆ. ಉಸ್ತಾದರು ಬಂದು ದುಆ ಮಾಡಲಿ, ಅದರಿಂದ ರೋಗಿಗೆ ಸಮಾಧಾನ ಸಿಗ್ತದೆ. ಆದರೆ ಆ ಹೊತ್ತಲ್ಲಿ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ, ಸೋಂಕು ಏರುತ್ತಾ ಇದ್ದರೆ, ಕಳೆದುಹೋಗುವ ಒಂದೊಂದು ಗಂಟೆಗೂ ಬೆಲೆ ಉಂಟು. ದುಆಗೂ ರಕ್ತ ಪರೀಕ್ಷೆಗೂ ಜಗಳ ಇಲ್ಲ. ಎರಡೂ ಆಗಲಿ, ಪರೀಕ್ಷೆ ತಡವಾಗುವುದು ಬೇಡ.

ಮೂರನೆಯದು ಭಾಷೆ. ನಮ್ಮ ಎಷ್ಟೋ ಉಮ್ಮಂದಿರಿಗೆ ಸರಾಗವಾಗಿ ಬರುವುದು ಬ್ಯಾರಿ ಮಾತ್ರ. ಡಾಕ್ಟರ್ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಕೇಳ್ತಾರೆ. ಉಮ್ಮ ಉತ್ತರ ಕೊಡದೆ ಸುಮ್ಮನಿದ್ದರೆ ‘ಭಾಷೆ ಗೊತ್ತಿಲ್ಲ’ ಎಂದುಕೊಳ್ಳುತ್ತಾರೆ. ತಪ್ಪುತಪ್ಪಾಗಿ ಮಾತಾಡಿದರೂ ಕೇಳಿದವರಿಗೆ ಅದು ತಪ್ಪೆಂದು ಗೊತ್ತಾಗುವುದಿಲ್ಲ. ಅವರ ಮಾತು ಹಳಿ ತಪ್ಪಿದೆ ಎಂದು ಹೇಳಬಲ್ಲವರು ಮಂಚದ ಪಕ್ಕ ಕೂತ ಮಗಳು ಅಥವಾ ಸೊಸೆ ಮಾತ್ರ.

ಇದನ್ನು ವೈದ್ಯರೂ ಒಪ್ಪುತ್ತಾರೆ. ಸನ್ನಿಯನ್ನು ಗುರುತಿಸಲು ದೊಡ್ಡ ಸ್ಕ್ಯಾನ್ ಬೇಕಾಗಿಲ್ಲ. ಅಮೆರಿಕದ ವೈದ್ಯೆ ಶಾರನ್ ಇನೌಯೆ ಮತ್ತು ಸಂಗಡಿಗರು 1990ರಲ್ಲೇ ಒಂದು ಸರಳ ಪರೀಕ್ಷಾ ಕ್ರಮ ತಯಾರಿಸಿದರು. ಎಡಿನ್‌ಬರೋದಲ್ಲಿ ತಯಾರಾದ ‘4ಎಟಿ’ ಎಂಬ ಪರೀಕ್ಷೆಗೆ ಎರಡು ನಿಮಿಷ ಸಾಕು, ಅದಕ್ಕೆ ಹಣವೂ ಕೊಡಬೇಕಾಗಿಲ್ಲ. ರೋಗಿ ಎಚ್ಚರವಾಗಿ ಇದ್ದಾರಾ, ವಯಸ್ಸು ಎಷ್ಟು, ಇದು ಯಾವ ಜಾಗ, ಯಾವ ವರ್ಷ, ತಿಂಗಳ ಹೆಸರನ್ನು ಹಿಂದಿನಿಂದ ಹೇಳಲು ಆಗ್ತದಾ, ಇತ್ತೀಚೆಗೆ ದಿಢೀರ್ ಬದಲಾವಣೆ ಆಗಿದೆಯಾ, ಇಷ್ಟೇ. ಇನ್ನೂ ಚಿಕ್ಕದು ಬೇಕೆಂದರೆ ಮನೆಯವರಿಗೆ ಕೇಳುವ ಒಂದೇ ಒಂದು ಪ್ರಶ್ನೆ: “ಇವರು ಎಂದಿಗಿಂತ ಹೆಚ್ಚು ಗೊಂದಲದಲ್ಲಿ ಇದ್ದಾರೆ ಅಂತ ನಿಮಗೆ ಅನಿಸ್ತದಾ?” ಆ ಪ್ರಶ್ನೆಯನ್ನು ಆಸ್ಪತ್ರೆಯವರು ಕೇಳದಿದ್ದರೆ ಉತ್ತರವನ್ನು ನಾವೇ ಹೋಗಿ ಹೇಳಬೇಕು.

ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ

ಬಹಳ ಕಾಲ ವೈದ್ಯರೂ ನಂಬಿದ್ದದ್ದು ಸನ್ನಿ ಬಂದು ಹೋಗುವಂಥದ್ದು, ಮೂಲ ರೋಗ ಗುಣವಾದರೆ ಅದೂ ಹೋಗ್ತದೆ ಎಂದು. ಅರ್ಧ ನಿಜ. ಹೆಚ್ಚಿನವರಲ್ಲಿ ಗಲಾಟೆ ನಿಲ್ಲುತ್ತದೆ. ಕೆಲವರಿಗೆ ದಿನಗಳು ಸಾಕು, ಕೆಲವರಿಗೆ ವಾರ, ತಿಂಗಳುಗಳೇ ಬೇಕು. ಆದರೆ ಎಲ್ಲರೂ ಮೊದಲಿನ ಜಾಗಕ್ಕೆ ಮರಳುವುದಿಲ್ಲ.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಐಸಿಯು ಸೇರಿದ್ದ 821 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ.74 ಮಂದಿಗೆ ಆಸ್ಪತ್ರೆಯಲ್ಲಿ ಸನ್ನಿ ಬಂದಿತ್ತು. ಒಂದು ವರ್ಷದ ನಂತರ ಪರೀಕ್ಷಿಸಿದಾಗ, ಮೂವರಲ್ಲಿ ಒಬ್ಬರ ಯೋಚನಾಶಕ್ತಿ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ನಾಲ್ವರಲ್ಲಿ ಸುಮಾರು ಒಬ್ಬರದ್ದು ಆರಂಭದ ಅಲ್ಝೈಮರ್ಸ್ ರೋಗಿಗಳ ಮಟ್ಟದಲ್ಲಿತ್ತು. ಸನ್ನಿ ಹೆಚ್ಚು ದಿನ ಇದ್ದಷ್ಟೂ ಪರಿಣಾಮ ಕೆಟ್ಟದಾಗಿತ್ತು.

ಇದು ಐಸಿಯು ಕಥೆ. ಬಾಸ್ಟನ್‌ನಲ್ಲಿ 70 ದಾಟಿದ, ಮರೆವಿನ ಕಾಯಿಲೆ ಇಲ್ಲದ 560 ಮಂದಿಯನ್ನು ಮೊದಲೇ ಗೊತ್ತು ಮಾಡಿದ ಆಪರೇಷನ್ ನಂತರ 6 ವರ್ಷಗಳ ತನಕ ನೋಡಿದರು. ಸನ್ನಿ ಬಂದವರ ಬುದ್ಧಿಶಕ್ತಿ, ಬಾರದವರಿಗಿಂತ ಶೇ.40ರಷ್ಟು ವೇಗವಾಗಿ ಇಳಿದಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಿರಿಯ ರೋಗಿಗಳ ದಾಖಲೆ ನೋಡಿದ ಅಧ್ಯಯನ 2024ರಲ್ಲಿ ಹೊರಬಂತು. ಸನ್ನಿ ಬಂದವರಿಗೆ ಮುಂದೆ ಡಿಮೆನ್ಶಿಯಾ ಬರುವ ಸಾಧ್ಯತೆ, ಅವರಂಥದ್ದೇ ಇತರ ರೋಗಿಗಳಿಗಿಂತ ಮೂರು ಪಟ್ಟು. ಪ್ರತಿ ಬಾರಿ ಮತ್ತೆ ಸನ್ನಿ ಬಂದಾಗ ಆ ಅಪಾಯ ಶೇ.20ರಷ್ಟು ಏರ್ತಾ ಹೋಗ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಳಗೊಳಗೇ ಶುರುವಾಗಿದ್ದ ಮರೆವಿನ ಕಾಯಿಲೆಯೇ ಸನ್ನಿಗೆ ದಾರಿ ಮಾಡಿಕೊಟ್ಟಿರಬಹುದು, ಸನ್ನಿಯೇ ಮಿದುಳಿಗೆ ಹಾನಿ ಮಾಡಿರಬಹುದು, ಎರಡೂ ಇರಬಹುದು. ವಿಜ್ಞಾನಿಗಳು ಇದನ್ನು ಇನ್ನೂ ಬಿಡಿಸುತ್ತಾ ಇದ್ದಾರೆ. ಸನ್ನಿ ಬಂದವರಿಗೆಲ್ಲ ಡಿಮೆನ್ಶಿಯಾ ಬರುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ‘ಬಂದು ಹೋಯ್ತು, ಮುಗೀತು’ ಎಂದು ಮರೆತುಬಿಡುವ ವಿಷಯವೂ ಅಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಉಂಟು ಎಂಬುದು ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಆ ಲೆಕ್ಕ ಏರುವ ಈ ಕಾಲದಲ್ಲಿ, ತಡೆಯಬಹುದಾದ ಒಂದು ಪೆಟ್ಟನ್ನು ತಡೆಯದೆ ಬಿಡುವುದು ನಷ್ಟದ ವ್ಯಾಪಾರ.

ಇನ್ನೊಂದು ಪೆಟ್ಟು ಹೊರಗೆ ಕಾಣುವುದಿಲ್ಲ. ಸನ್ನಿಯ ಸಮಯದಲ್ಲಿ ನಡೆದದ್ದು ಎಷ್ಟೋ ಮಂದಿಗೆ ಆಮೇಲೆ ನೆನಪಿರುತ್ತದೆ. ಕೈ ಕಟ್ಟಿದ್ದು, ಕಂಡ ಭಯಾನಕ ದೃಶ್ಯ, ತಾನು ಬೈದ ಮಾತು. ಮರ್ಯಾದೆಯಿಂದ ಬದುಕಿದ ಉಪ್ಪನಿಗೆ, ತಲೆಯ ಬಟ್ಟೆ ಜಾರಲು ಬಿಡದ ಉಮ್ಮನಿಗೆ ಇದು ನಾಚಿಕೆಯಾಗಿ ಉಳಿಯುತ್ತದೆ. “ನನಗೆ ಹುಚ್ಚು ಹಿಡಿದಿತ್ತಾ?” ಎಂದು ಅವರು ಯಾರಲ್ಲಿ ಕೇಳುವುದು? ನಾವೇ ಮಾತೆತ್ತಿ ಹೇಳಬೇಕು: ಅದು ರೋಗದ ಕೆಲಸ, ಈಗ ಹೋಯ್ತು, ನಿಮ್ಮ ತಪ್ಪು ಏನೂ ಇಲ್ಲ. ಬುದ್ಧಿ ಸ್ವಾಧೀನದಲ್ಲಿ ಇಲ್ಲದ ಹೊತ್ತಿನ ಮಾತಿಗೆ ಮನುಷ್ಯ ಹೊಣೆಯಲ್ಲ ಎಂಬುದು ನಮ್ಮ ಉಲಮಾಗಳು ಮೊದಲಿನಿಂದಲೂ ಹೇಳುತ್ತಾ ಬಂದ ಮಾತು. ತಪ್ಪಿದ ನಮಾಝಿನ ಬಗ್ಗೆ ಕೊರಗುವ ಹಿರಿಯರಿಗೆ ಉಸ್ತಾದರ ಬಾಯಿಂದ ಅದನ್ನು ಕೇಳಿಸಿದರೆ ಅರ್ಧ ಭಾರ ಇಳೀತದೆ.

ಎಲ್ಲಿಂದ ಬರ್ತದೆ?

ಒಂದೇ ಕಾರಣ ಇರುವುದು ಕಡಿಮೆ. ವಯಸ್ಸು, ಕಿವಿ ಕೇಳದಿರುವುದು, ಕಣ್ಣು ಮಂಜು, ಮೊದಲೇ ಸ್ವಲ್ಪ ಮರೆವು, ಇವು ಒಣಗಿದ ಕಟ್ಟಿಗೆ. ಅದಕ್ಕೆ ಬೆಂಕಿ ತಾಗಿಸುವುದು ಸೋಂಕು, ಜ್ವರ, ನೀರು ಕಡಿಮೆಯಾಗುವುದು, ಸೋಡಿಯಂ ಇಳಿಯುವುದು, ಶುಗರ್ ಏರಿಳಿತ, ನೋವು, ಮಲಬದ್ಧತೆ, ಮೂತ್ರ ಕಟ್ಟುವುದು, ನಿದ್ದೆಗೆಡುವುದು, ಆಪರೇಷನ್, ಮತ್ತೆ ಮದ್ದುಗಳು. ಕೋವಿಡ್ ಕಾಲದಲ್ಲಿ ಅಮೆರಿಕದ 7 ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಹಿರಿಯ ಕೋವಿಡ್ ರೋಗಿಗಳಲ್ಲಿ ಶೇ.28 ಮಂದಿಗೆ ಬರುವಾಗಲೇ ಸನ್ನಿ ಇತ್ತು. ಕೆಲವರಿಗೆ ಜ್ವರ, ಕೆಮ್ಮು ಏನೂ ಇರಲಿಲ್ಲ. ಹಿರಿಯರಲ್ಲಿ ಎಷ್ಟೋ ಸಲ ರೋಗದ ಮೊದಲ ಸೂಚನೆಯೇ ಗೊಂದಲ.

ಮದ್ದಿನ ವಿಷಯ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಅಲರ್ಜಿಗೆ, ತುರಿಕೆಗೆ, ಕೆಲವೊಮ್ಮೆ ನಿದ್ದೆ ಬರಲಿ ಎಂದು ಕೊಡುವ ಅವಿಲ್, ಫೆನರ್ಗನ್‌ನಂಥ ಮದ್ದುಗಳು ವಯಸ್ಸಾದವರ ಮಿದುಳನ್ನು ಮಂಕು ಮಾಡ್ತವೆ. ಅಲ್ಪ್ರಾಝೋಲಾಂನಂಥ ನಿದ್ದೆ ಮಾತ್ರೆಗಳೂ ಹಾಗೆಯೇ. ಇದರಲ್ಲಿ ಇನ್ನೊಂದು ತಿರುವು ಉಂಟು. ಹಿರಿಯರು ವರ್ಷಗಟ್ಟಲೆ ರಾತ್ರಿ ಒಂದು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಆಸ್ಪತ್ರೆಯಲ್ಲಿ ಅದು ಯಾರಿಗೂ ಗೊತ್ತಿಲ್ಲದೆ ಒಮ್ಮೆಲೇ ನಿಂತರೂ ಸನ್ನಿ ಬರಬಹುದು. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕೊಂಡು ಹೋಗಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ. ಅದು ಒಮ್ಮೆಲೇ ನಿಂತಾಗಲೂ ಕಿರಿಕಿರಿ, ಚಡಪಡಿಕೆ ಬರ್ತದೆ.

ಇಂಜೆಕ್ಷನ್ ಕೊಟ್ಟು ಮಲಗಿಸಿದರೆ ಸನ್ನಿ ಗುಣವಾಗ್ತದಾ? 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಐಸಿಯುನಲ್ಲಿ ಸನ್ನಿ ಬಂದ 566 ರೋಗಿಗಳಲ್ಲಿ ಕೆಲವರಿಗೆ ಹ್ಯಾಲೋಪೆರಿಡಾಲ್, ಕೆಲವರಿಗೆ ಅದೇ ಬಗೆಯ ಇನ್ನೊಂದು ಮದ್ದು, ಕೆಲವರಿಗೆ ಬರೀ ಉಪ್ಪುನೀರು ಕೊಟ್ಟು ನೋಡಿದರು. ಮದ್ದು ಕೊಟ್ಟವರಲ್ಲಿ ಸನ್ನಿ ಬೇಗ ಇಳಿಯಲಿಲ್ಲ. ರೋಗಿ ತನಗೇ ಅಪಾಯ ಮಾಡಿಕೊಳ್ಳುವ ಹಾಗಿದ್ದಾಗ ಇಂಥ ಮದ್ದು ಬೇಕಾಗಬಹುದು, ಅದನ್ನು ಡಾಕ್ಟರ್ ತೀರ್ಮಾನಿಸಲಿ. ಆದರೆ ಮೂಲ ಕಾರಣ ಹುಡುಕದೆ ಬರೀ ಮಲಗಿಸುವುದು ಚಿಕಿತ್ಸೆ ಆಗುವುದಿಲ್ಲ. ಕೈ ಕಟ್ಟುವುದಂತೂ ಭಯವನ್ನು ಹೆಚ್ಚು ಮಾಡ್ತದೆ, ಗಾಯ ಮಾಡ್ತದೆ.

ಗುಣ ಮಾಡುವುದಕ್ಕಿಂತ ತಡೆಯುವುದು ಸುಲಭ

ಒಳ್ಳೆಯ ಸುದ್ದಿಯೂ ಉಂಟು. ಸನ್ನಿಯ ಪ್ರಕರಣಗಳಲ್ಲಿ ಮೂರರಲ್ಲಿ ಒಂದನ್ನಾದರೂ ತಡೆಯಬಹುದು ಎಂದು ತಜ್ಞರು ಹೇಳ್ತಾರೆ. ಮೇಲೆ ಹೇಳಿದ ಡಾ. ಇನೌಯೆ ಅವರೇ ಅಮೆರಿಕದ ನ್ಯೂ ಹೇವನ್‌ನ ಆಸ್ಪತ್ರೆಯಲ್ಲಿ 70 ದಾಟಿದ 852 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅದು 1999ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ಮದ್ದು ಏನೂ ಇರಲಿಲ್ಲ. ತರಬೇತಿ ಪಡೆದ ಸ್ವಯಂಸೇವಕರು ದಿನಾ ಬಂದು ರೋಗಿಗೆ ಇಂದು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸಿದರು, ಮಾತಾಡಿಸಿದರು, ಕನ್ನಡಕ ಮತ್ತು ಕಿವಿ ಯಂತ್ರ ಹಾಕಿಸಿದರು, ನೀರು ಕುಡಿಸಿದರು, ಎಬ್ಬಿಸಿ ನಡೆಸಿದರು. ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು, ಬೆನ್ನು ಸವರುವುದು, ಗದ್ದಲ ಕಡಿಮೆ ಮಾಡುವುದು. ಸಾಮಾನ್ಯ ಆರೈಕೆಯಲ್ಲಿದ್ದವರಲ್ಲಿ ಶೇ.15 ಮಂದಿಗೆ ಸನ್ನಿ ಬಂದರೆ, ಇವರಲ್ಲಿ ಶೇ.9.9 ಮಂದಿಗೆ ಮಾತ್ರ. ಒಮ್ಮೆ ಸನ್ನಿ ಶುರುವಾದ ಮೇಲೆ ಮಾತ್ರ ಇದೇ ಆರೈಕೆಯಿಂದ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಶುರು ಮಾಡಬೇಕು.

ಓದುವಾಗ ಒಂದು ಯೋಚನೆ ಬರ್ತದೆ. ಅಮೆರಿಕದಲ್ಲಿ ಸ್ವಯಂಸೇವಕರನ್ನು ಹುಡುಕಿ ತಂದು ಮಾಡಿಸಿದ ಕೆಲಸಕ್ಕೆ ನಮ್ಮಲ್ಲಿ ಜನ ಇದ್ದಾರೆ. ಉಮ್ಮನ ಮಂಚದ ಪಕ್ಕ ಸದಾ ಒಬ್ಬರು ಇರುತ್ತಾರೆ. ಹಾಗಾದರೆ ನಮ್ಮ ಹಿರಿಯರಿಗೆ ಸನ್ನಿ ಕಡಿಮೆ ಇರಬೇಕಿತ್ತಲ್ಲ? ಇರುವವರು ಎಂತ ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ ಎಂಬುದೇ ಉತ್ತರ. ಕನ್ನಡಕ ಕಳೆದುಹೋಗ್ತದೆ ಎಂದು ಮನೆಯಲ್ಲೇ ಬಿಡ್ತೇವೆ. ಹಲ್ಲಿನ ಸೆಟ್ ತೆಗೆದು ಡಬ್ಬಿಯಲ್ಲಿ ಇಡ್ತೇವೆ. ‘ಏಳಬೇಡಿ, ಮಲಗಿ’ ಎಂದು ಪ್ರೀತಿಯಿಂದ ಮಲಗಿಸಿಯೇ ಇಡ್ತೇವೆ. ಮೂತ್ರಕ್ಕೆ ಏಳುವ ಕಷ್ಟ ಬೇಡವೆಂದು ನೀರು ಕಡಿಮೆ ಕೊಡ್ತೇವೆ. ಐಸಿಯು ಒಳಗಂತೂ ದಿನಕ್ಕೆ ಹತ್ತು ನಿಮಿಷ ಬಿಟ್ಟರೆ ಮನೆಯವರಿಗೆ ಪ್ರವೇಶವೇ ಇಲ್ಲ. ಅಲ್ಲಿ ಕಿಟಕಿ ಇಲ್ಲ, ಗಡಿಯಾರ ಕಾಣುವುದಿಲ್ಲ, ಇಡೀ ರಾತ್ರಿ ಲೈಟು, ಮಶೀನಿನ ಸದ್ದು. ಐದು ಹೊತ್ತಿನ ಬಾಂಗ್ ಕೇಳಿ ದಿನದ ಲೆಕ್ಕ ಇಟ್ಟವರಿಗೆ ಸುಬಹಿ ಯಾವುದು, ಇಶಾ ಯಾವುದು ಎಂದೇ ತಿಳಿಯುವುದಿಲ್ಲ.

ನಾವು ಮಾಡಬಹುದಾದದ್ದು ಇಷ್ಟು. ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ ಮೊದಲ ದಿನವೇ ಕೊಂಡುಹೋಗಿ. ಕಾಣುವ ಜಾಗದಲ್ಲಿ ಒಂದು ಗಡಿಯಾರ, ಒಂದು ಕ್ಯಾಲೆಂಡರ್ ಇಡಿ. ಬಾಂಗ್ ಹೊತ್ತಿಗೆ “ಲುಹರ್ ಆಯ್ತು, ಇವತ್ತು ಗುರುವಾರ, ನಾವು ಆಸ್ಪತ್ರೆಯಲ್ಲಿದ್ದೇವೆ, ನಾಡಿದ್ದು ಮನೆಗೆ” ಎಂದು ಅವರ ಭಾಷೆಯಲ್ಲೇ ಹೇಳಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ಲೈಟು ಕಡಿಮೆ ಇರಲಿ. ಡಾಕ್ಟರ್ ಬೇಡ ಅನ್ನದಿದ್ದರೆ ಆಗಾಗ ನೀರು ಕೊಡಿ, ಕೂರಿಸಿ, ನಡೆಸಿ. ಎರಡು ದಿನ ಮಲವಿಸರ್ಜನೆ ಆಗದಿದ್ದರೆ ಹೇಳಿ. “ಮೂತ್ರದ ಟ್ಯೂಬ್ ಇನ್ನೂ ಬೇಕಾ ಡಾಕ್ಟ್ರೇ?” ಎಂದು ದಿನಾ ಕೇಳಿ. ಇಲ್ಲದ್ದು ಕಾಣ್ತದೆ ಎಂದರೆ ವಾದ ಮಾಡಬೇಡಿ, ನಗಬೇಡಿ, ಕೈ ಹಿಡಿದು “ನಾನಿದ್ದೇನೆ” ಅನ್ನಿ. ರಾತ್ರಿ ವುಝೂ ಮಾಡಬೇಕೆಂದು ಒಬ್ಬರೇ ಇಳಿದು ಬೀಳುವವರು ಎಷ್ಟೋ ಮಂದಿ. ಹಾಗಾಗಿ ರಾತ್ರಿ ಪಕ್ಕದಲ್ಲಿರುವವರು ಅವರ ಮಾತು ಬಲ್ಲವರಾಗಿರಲಿ.

ಇನ್ನು ನಮ್ಮ ಭೇಟಿಗಳ ವಿಷಯ. ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಆದರೆ ಸಂಜೆ ಒಟ್ಟಿಗೆ ಹದಿನೈದು ಜನ ಮಂಚದ ಸುತ್ತ ನಿಂತರೆ, ಒಬ್ಬರು ಫೋನಿನಲ್ಲಿ, ಇಬ್ಬರು ಗಲ್ಫ್‌ನ ಮಗನಿಗೆ ವಿಡಿಯೋ ಕಾಲ್ ಹಿಡಿದು “ಇದು ಯಾರು ಹೇಳಿ ನೋಡುವ” ಎಂದು ಪರೀಕ್ಷೆ ಮಾಡಿದರೆ, ಆಗಲೇ ದಣಿದ ಮಿದುಳಿಗೆ ಅದು ಹೊರೆ. ಇಬ್ಬರಂತೆ ಹೋಗೋಣ, ಹಗಲು ಹೋಗೋಣ, ಮೆಲ್ಲಗೆ ಮಾತಾಡೋಣ. ಮಗ ದೂರದಿಂದ ಮಾತಾಡುವಾಗ ಪ್ರಶ್ನೆ ಕೇಳದೆ ಪರಿಚಯದ ಧ್ವನಿ ಕೇಳಿಸಿದರೆ ಸಾಕು.

ಹೆಬ್ಬೆಟ್ಟಿನ ಗುರುತು

ಹೇಳದೆ ಬಿಡಲಾಗದ ಒಂದು ಮಾತು. ಹಿರಿಯರು ಆಸ್ಪತ್ರೆಯಲ್ಲಿ ಮಲಗಿದಾಗಲೇ ಜಾಗದ ಕಾಗದ, ಬ್ಯಾಂಕಿನ ಫಾರಂ, ಪವರ್ ಆಫ್ ಅಟಾರ್ನಿ ಹಿಡಿದು ಬರುವವರು ಎಲ್ಲ ಸಮುದಾಯದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 12ನೇ ಸೆಕ್ಷನ್ ಸ್ವಸ್ಥ ಮನಸ್ಸು ಎಂದರೆ ಏನೆಂದು ಹೇಳುತ್ತದೆ. ಅದರ ಕೆಳಗೆ ಕೊಟ್ಟ ಉದಾಹರಣೆಯೇ ಇದು: ಜ್ವರದಿಂದ ಸನ್ನಿ ಹಿಡಿದವನು, ಆ ಸನ್ನಿ ಇರುವಷ್ಟು ಹೊತ್ತು ಕರಾರು ಮಾಡಿಕೊಳ್ಳಲಾರ. ಮರಣದ ಹಾಸಿಗೆಯಲ್ಲಿ ಕೊಟ್ಟ ದಾನ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ ಎಂಬ ಮಿತಿಯೂ ನಮ್ಮ ವೈಯಕ್ತಿಕ ಕಾನೂನಿನಲ್ಲಿದೆ. ಸನ್ನಿ ಏರಿಳಿಯುವ ಕಾರಣ ‘ಬೆಳಿಗ್ಗೆ ಸರಿ ಇದ್ದರು’ ಎಂದು ಒಬ್ಬರು, ‘ಸಂಜೆ ಗೊತ್ತಿರಲಿಲ್ಲ’ ಎಂದು ಇನ್ನೊಬ್ಬರು ಹೇಳ್ತಾ ಕೋರ್ಟಿನಲ್ಲಿ ವರ್ಷಗಟ್ಟಲೆ ಕಳೆಯುತ್ತಾರೆ. ಅಣ್ಣ ತಮ್ಮಂದಿರು ಮಾತು ಬಿಡ್ತಾರೆ. ತುರ್ತಿಲ್ಲದ ಯಾವ ಕಾಗದಕ್ಕೂ ಆಸ್ಪತ್ರೆಯಲ್ಲಿ ಸಹಿ ಬೇಡ. ಆ ಕೆಲಸ ಆರೋಗ್ಯ ಇರುವಾಗಲೇ ಆಗಲಿ.

ಸರಕಾರ ಮತ್ತು ಆಸ್ಪತ್ರೆಗಳಲ್ಲಿ ನಮ್ಮ ಪ್ರಶ್ನೆ

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ, 70 ದಾಟಿದ ಎಲ್ಲರಿಗೂ ಆದಾಯ ನೋಡದೆ ಆಯುಷ್ಮಾನ್ ಭಾರತ್ ಅಡಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕದ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಸ್ವಾಗತಿಸಬೇಕಾದ್ದೇ. ಆದರೆ ಇಂಥ ಯೋಜನೆಗಳು ಆಪರೇಷನ್ನಿಗೆ, ಸ್ಟೆಂಟಿಗೆ ಹಣ ಕೊಡ್ತವೆ. ಹಿರಿಯರು ಆಸ್ಪತ್ರೆಯೊಳಗೆ ಹೇಗೆ ಇರುತ್ತಾರೆ, ಬುದ್ಧಿ ಸರಿ ಇಟ್ಟುಕೊಂಡು ಹೊರಗೆ ಬರುತ್ತಾರಾ ಎಂದು ಲೆಕ್ಕ ಇಡುವವರು ಯಾರು?

ಕಾನೂನು ಇಲ್ಲದೆ ಇಲ್ಲ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ನಾವು ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆ ಎಂದಷ್ಟೇ ತಿಳಿದಿದ್ದೇವೆ. ಅದರ 20ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯ ರೋಗಿಗಳಿಗೆ ಮೀಸಲಾದ ವ್ಯವಸ್ಥೆ ಇರಬೇಕು, ಅದನ್ನು ಹಿರಿಯರ ಆರೈಕೆಯಲ್ಲಿ ಅನುಭವವುಳ್ಳ ವೈದ್ಯಾಧಿಕಾರಿ ನೋಡಿಕೊಳ್ಳಬೇಕು. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವಾರ್ಡ್ ಎಂದೂ ಬರೆದಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರಕಾರ ಮಿದುಳಿನ ಆರೋಗ್ಯಕ್ಕಾಗಿ ‘ಕಭಿ’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಇಷ್ಟು ಇರುವಾಗ, ವೈದ್ಯಕೀಯ ಕಾಲೇಜುಗಳಿಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ಕೆಳಗಿನ ಮೂರು ಕೆಲಸ ಕಷ್ಟವಾಗಬಾರದು.

ಒಂದು, 65 ದಾಟಿದ ಪ್ರತಿ ಒಳರೋಗಿಗೆ ದಿನಕ್ಕೊಮ್ಮೆ ಎರಡು ನಿಮಿಷದ ಪರೀಕ್ಷೆ, ಅವರ ಭಾಷೆಯಲ್ಲಿ. ಎರಡು, ಐಸಿಯುನಲ್ಲಿ ಹಿರಿಯರ ಪಕ್ಕ ಮನೆಯವರಿಗೆ ದಿನಕ್ಕೆ ಸ್ವಲ್ಪ ಹೆಚ್ಚು ಹೊತ್ತು. ಮೂರು, ಸನ್ನಿ ಬಂದಿದ್ದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ಬರೆಯುವುದು. ಬರೆಯದಿದ್ದರೆ ಮುಂದಿನ ಸಲ ಆಪರೇಷನ್ ಮಾಡುವ ಡಾಕ್ಟರಿಗೆ ಅಪಾಯ ಗೊತ್ತಾಗುವುದೇ ಇಲ್ಲ.

ನಮ್ಮ ಸಂಘಟನೆಗಳಿಗೂ ಒಂದು ಕೋರಿಕೆ ಉಂಟು. ರಕ್ತದಾನಕ್ಕೆ, ಆಂಬುಲೆನ್ಸಿಗೆ, ರೋಗಿಗಳ ಜೊತೆಗಿರುವವರ ಊಟಕ್ಕೆ ನಮ್ಮ ಹುಡುಗರು ಹಗಲು ರಾತ್ರಿ ಓಡಾಡುವುದನ್ನು ಊರೇ ನೋಡಿದೆ. ಅವರಲ್ಲಿ ಹತ್ತು ಹುಡುಗರು, ಹತ್ತು ಹುಡುಗಿಯರು ಹಿರಿಯರ ಪಕ್ಕ ಕೂತು ಬ್ಯಾರಿ, ತುಳು, ಕನ್ನಡ ಮಾತಾಡಿ, ನೀರು ಕುಡಿಸಿ, ನಡೆಸುವ ತರಬೇತಿ ಪಡೆದರೆ? ಮಕ್ಕಳೆಲ್ಲ ವಿದೇಶದಲ್ಲಿರುವ, ಪಕ್ಕದಲ್ಲಿ ಯಾರೂ ಇಲ್ಲದ ಹಿರಿಯರು ಈಗ ನಮ್ಮಲ್ಲೂ ಕಡಿಮೆ ಇಲ್ಲ. ಜಮಾಅತ್ ಮತ್ತು ಆಸ್ಪತ್ರೆ ಒಟ್ಟಿಗೆ ಕೂತರೆ ಆಗುವ ಕೆಲಸ ಇದು. ಧರ್ಮ ಕೇಳದೆ ಎಲ್ಲ ಹಿರಿಯರಿಗೂ ಆಗಬೇಕಾದ ಕೆಲಸ ಕೂಡಾ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಸನ್ನಿ ಬಂದಿದ್ದವರನ್ನು ಮನೆಗೆ ತಂದ ಮೇಲೆ ಅವಸರದಲ್ಲಿ ‘ಮರೆವಿನ ಕಾಯಿಲೆ’ ಎಂದು ಹಣೆಪಟ್ಟಿ ಹಚ್ಚಬೇಡಿ. ಮಿದುಳಿಗೆ ಚೇತರಿಸಲು ಸಮಯ ಬೇಕು. ಮೊದಲಿನ ದಿನಚರಿ, ಮೊದಲಿನ ಕೋಣೆ, ಒಳ್ಳೆಯ ನಿದ್ದೆ, ಊಟ, ದಿನಾ ಸ್ವಲ್ಪ ನಡಿಗೆ. ಆಸ್ಪತ್ರೆಯಲ್ಲಿ ಕೊಟ್ಟ ನಿದ್ದೆ ಮಾತ್ರೆ ಎಷ್ಟು ದಿನ ಎಂದು ಕೇಳಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಮುಂದುವರಿಯುತ್ತದೆ. ಎರಡು ಮೂರು ತಿಂಗಳ ನಂತರವೂ ಮಂಕು, ಮರೆವು ಹಾಗೆಯೇ ಇದ್ದರೆ ಡಾಕ್ಟರಲ್ಲಿ ಹೇಳಿ ನೆನಪಿನ ಪರೀಕ್ಷೆ ಮಾಡಿಸಿ. ಮುಂದೆ ಯಾವಾಗ ಆಸ್ಪತ್ರೆಗೆ ಸೇರಿಸಿದರೂ ಮೊದಲ ಮಾತೇ ಇದಾಗಲಿ, “ಕಳೆದ ಸಲ ಇವರಿಗೆ ಸನ್ನಿ ಬಂದಿತ್ತು.” ಹಿರಿಯರ ಯಾವುದೇ ಸಹಾಯಕ್ಕೆ 14567, ಮನಸ್ಸಿನ ಸಂಕಟಕ್ಕೆ 14416, ಎರಡೂ ಉಚಿತ ಸಹಾಯವಾಣಿಗಳು. ನೋಡಿಕೊಳ್ಳುವ ಸೊಸೆ, ಮಗಳಿಗೂ ಆ ರಾತ್ರಿಗಳ ದಣಿವು, ಗಾಬರಿ ಇರುತ್ತದೆ. ಎರಡನೆಯ ನಂಬರ್ ಅವರಿಗೂ ಇರುವಂಥದ್ದೇ.

ಮೊದಲು ಹೇಳಿದ ಮನೆಯ ಉಮ್ಮ ಈಗ ಹೇಗಿದ್ದಾರೆ ಎಂದು ಕೇಳಬಹುದು. ಸ್ವಲ್ಪ ಸ್ವಲ್ಪ ಸರಿಯಾಗ್ತಾ ಇದ್ದಾರೆ. ಮೊಮ್ಮಕ್ಕಳ ಹೆಸರು ಈಗ ತಪ್ಪುವುದು ಕಡಿಮೆ. ಲೆಕ್ಕ ಮಾತ್ರ ಮೊದಲಿನಷ್ಟು ಸರಾಗ ಇಲ್ಲ, ಅಂಗಡಿ ಚೀಟಿ ಮಗಳೇ ನೋಡಬೇಕು. ಆ ಎರಡನೇ ರಾತ್ರಿ ಯಾರಾದರೂ ಅದನ್ನು ಗುರುತಿಸಿ, ಬೆಳಿಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿ, ಕೈಯ ಕಟ್ಟು ಬಿಚ್ಚಿ, ಕನ್ನಡಕ ಹಾಕಿಸಿದ್ದರೆ ಇಷ್ಟೂ ಆಗುತ್ತಿರಲಿಲ್ಲವೋ ಏನೋ. ಅದನ್ನು ಈಗ ಹೇಳಲು ಬರುವುದಿಲ್ಲ. ಮುಂದಿನ ಮನೆಯ ಉಮ್ಮನಿಗೆ, ಉಪ್ಪನಿಗೆ ಅದು ಆಗುವ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿ ಉಂಟು.